ಪರವಾನಗಿ ಮಂಡಳಿಗಳ ಶುಲ್ಕವನ್ನು ಕಾಯ್ದೆಯ ಮೂಲಕ ಇಳಿಸುವುದು ಸರಿಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದಲ್ಲಿ ಆರೋಗ್ಯ ಕ್ಷೇತ್ರದ ಪರವಾನಗಿ ಪಡೆದು ಕೆಲಸ ಮಾಡುತ್ತಿದ್ದೇನೆ. ಎರಡು ವರ್ಷಕ್ಕೊಮ್ಮೆ ಪರವಾನಗಿಯನ್ನು ನವೀಕರಿಸಬೇಕು. ಈ ಸಲ ನಮೂನೆ ತುಂಬುವಾಗ ಮೂಲ ಶುಲ್ಕದ ಕೆಳಗೆ ಬೇರೆ ಬೇರೆ ಹೆಸರಿನ ಇನ್ನೆರಡು ಸಣ್ಣ ಮೊತ್ತಗಳು ಸೇರಿಕೊಂಡಿರುವುದು ಕಣ್ಣಿಗೆ ಬಿತ್ತು. ಅದೇ ವಾರ ಮಂಡಳಿಯ ಸಭೆಯ ಕಾಗದಪತ್ರಗಳನ್ನು ತೆರೆದು ನೋಡಿದರೆ, ಒಂದು ವರ್ಷಕ್ಕೂ ಮಿಕ್ಕಿ ಖರ್ಚು ನಡೆಸಬಹುದಾದಷ್ಟು ಹಣ ಮೀಸಲು ನಿಧಿಯಲ್ಲಿದೆ ಎಂದಿತ್ತು. ಮಗುವಾದ ಮೇಲೆ ವಾರಕ್ಕೆ ಎರಡೇ ದಿನ ಕೆಲಸಕ್ಕೆ ಬರುತ್ತಿರುವ ನನ್ನ ಸಹೋದ್ಯೋಗಿಯೂ ನನ್ನಷ್ಟೇ ಶುಲ್ಕ ಕಟ್ಟುತ್ತಾಳೆ. ಎಲ್ಲ ಮಂಡಳಿಗಳ ಶುಲ್ಕವನ್ನೂ ಒಂದೇ ಪ್ರಮಾಣದಲ್ಲಿ ಕಡಿತಗೊಳಿಸುವ ಮಸೂದೆಯನ್ನು ಮಂಡಿಸುವಂತೆ ಶಾಸಕರನ್ನು ಕೇಳಬೇಕೆಂದು ನಮ್ಮಲ್ಲಿ ಕೆಲವರು ಹೇಳುತ್ತಿದ್ದಾರೆ. ಆ ಮನವಿಗೆ ಸಹಿ ಹಾಕುವ ಮೊದಲು ತಿಳಿದವರ ಅಭಿಪ್ರಾಯ ಕೇಳಬೇಕೆನಿಸಿತು.

ಉತ್ತರ 1

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಮಂಡಳಿಗಳು ಮನಸ್ಸಿಗೆ ಬಂದಂತೆ ಶುಲ್ಕ ಏರಿಸುವಂತಿಲ್ಲ. ಬಹುತೇಕ ಶುಲ್ಕಗಳಿಗೆ ರಾಜ್ಯದ ಬಿಸಿನೆಸ್ ಆ್ಯಂಡ್ ಪ್ರೊಫೆಷನ್ಸ್ ಕೋಡ್‌ನಲ್ಲಿ, ಅಂದರೆ ವ್ಯಾಪಾರ ಮತ್ತು ವೃತ್ತಿಗಳ ಕಾನೂನು ಸಂಹಿತೆಯಲ್ಲಿ, ಗರಿಷ್ಠ ಮಿತಿ ಇರುತ್ತದೆ. ಆ ಮಿತಿಯೊಳಗೆ ಮಂಡಳಿ ನಿಯಮ ರೂಪಿಸಿ ಮೊತ್ತವನ್ನು ನಿಗದಿ ಮಾಡಬಹುದು, ಅದನ್ನು ದಾಟಬೇಕಾದರೆ ಶಾಸಕಾಂಗದ ಮುಂದೆ ಮಸೂದೆ ಬರಬೇಕು.

ನೀವು ಕೇಳುತ್ತಿರುವ ಇಳಿಕೆಗೂ ಅದೇ ಕೋಡ್‌ನಲ್ಲಿ ಒಂದು ದಾರಿ ಈಗಾಗಲೇ ಇದೆ. ಅದರ 128.5ನೇ ಸೆಕ್ಷನ್ ಪ್ರಕಾರ, ಗ್ರಾಹಕ ವ್ಯವಹಾರಗಳ ಇಲಾಖೆಯ ಅಡಿಯಲ್ಲಿರುವ ಮಂಡಳಿಯೊಂದರ ಬಳಿ, ಕೆಲವನ್ನು ಹೊರತುಪಡಿಸಿ, ಆರ್ಥಿಕ ವರ್ಷದ ಕೊನೆಗೆ ಮುಂದಿನ ಎರಡು ವರ್ಷಗಳ ನಿರ್ವಹಣಾ ಬಜೆಟ್‌ಗೆ ಸಮನಾದ ಅಥವಾ ಅದಕ್ಕಿಂತ ಹೆಚ್ಚಿನ ಹಣ ಉಳಿದಿದ್ದರೆ, ಆ ಮಂಡಳಿ ಶುಲ್ಕವನ್ನು ಇಳಿಸಲೇಬೇಕು. ತತ್ತ್ವ ಸರಿಯಾಗಿದೆ. ಆದರೆ ಎರಡು ವರ್ಷ ಎಂಬ ಗೆರೆ ಬಹಳ ಎತ್ತರದಲ್ಲಿದೆ ಎಂಬುದು ನನ್ನ ಅಭಿಪ್ರಾಯ, ನಿಮ್ಮ ಮಂಡಳಿಯಂಥವು ಅದರ ಕೆಳಗೇ ನೆಮ್ಮದಿಯಾಗಿ ಉಳಿದುಬಿಡುತ್ತವೆ. ಹೊಸ ಮಸೂದೆ ಬೇಕಿದ್ದರೆ ಅದು ಆ ಗೆರೆಯನ್ನು ಕೆಳಗಿಳಿಸುವ ಮಸೂದೆಯಾಗಲಿ.

2010ರ ನವೆಂಬರಿನಲ್ಲಿ ಮತದಾರರು ಒಪ್ಪಿದ 26ನೇ ಪ್ರಸ್ತಾವವೂ (ರಾಜ್ಯ ಸಂವಿಧಾನದ ತಿದ್ದುಪಡಿ) ನಿಮಗೆ ನೆರವಾಗುತ್ತದೆ. 1997ರ ಸಿಂಕ್ಲೇರ್ ಪೇಂಟ್ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ನಿಯಂತ್ರಣ ಶುಲ್ಕ ತೆರಿಗೆಯಲ್ಲ ಎಂದು ಹೇಳಿ, ಅಂಥ ಶುಲ್ಕಗಳಿಗೆ ತೆರೆದಿದ್ದ ಬಾಗಿಲನ್ನು ಆ ಪ್ರಸ್ತಾವ ಕಿರಿದುಗೊಳಿಸಿತು. ಅದರಲ್ಲಿ ಹೇಳಿದ ವಿನಾಯಿತಿಗಳಿಗೆ ಒಳಪಡದ ಸರ್ಕಾರಿ ವಸೂಲಿ ತೆರಿಗೆಯೇ ಆಗುತ್ತದೆ ಮತ್ತು ಅದಕ್ಕೆ ಎರಡೂ ಸದನಗಳ ಮೂರನೇ ಎರಡರಷ್ಟು ಬಹುಮತ ಬೇಕು. ಪರವಾನಗಿ ನೀಡುವ ಸಮಂಜಸ ವೆಚ್ಚಕ್ಕೆ ವಿನಾಯಿತಿ ಇದೆ, ಆದರೆ ಮೊತ್ತ ಆ ವೆಚ್ಚವನ್ನು ಮೀರಿಲ್ಲವೆಂದು ತೋರಿಸುವ ಹೊಣೆ ಸರ್ಕಾರದ ಮೇಲಿದೆ.

ಉತ್ತರ 2

ಇಂಥದೊಂದು ಮಂಡಳಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲವು ವರ್ಷ ದುಡಿದವನು ನಾನು. ದಯವಿಟ್ಟು ಸಾರಾಸಗಟು ಕಡಿತದ ಮನವಿಗೆ ಸಹಿ ಹಾಕಬೇಡಿ.

ಮೀಸಲು ನಿಧಿಯ ಅಂಕಿಯನ್ನು ಓದುವಾಗ ಒಂದು ಎಚ್ಚರ ಬೇಕು. ನವೀಕರಣ ಎರಡು ವರ್ಷಕ್ಕೊಮ್ಮೆ ನಡೆಯುವುದರಿಂದ ಕೆಲವು ಮಂಡಳಿಗಳಲ್ಲಿ ಒಂದು ವರ್ಷ ಹಣ ಹರಿದು ಬರುತ್ತದೆ, ಮರುವರ್ಷ ಬತ್ತುತ್ತದೆ, ಖರ್ಚು ಮಾತ್ರ ಎರಡೂ ವರ್ಷ ಒಂದೇ ಸಮನಾಗಿರುತ್ತದೆ. ತುಂಬಿದ ವರ್ಷದ ಕೊನೆಯಲ್ಲಿ ನೋಡಿದವರಿಗೆ ನಿಧಿ ಉಕ್ಕುತ್ತಿರುವಂತೆ ಕಾಣುವುದು ಸಹಜ.

ಇನ್ನು ಖರ್ಚಿನ ಮಾತು. ರೋಗಿಯೊಬ್ಬರ ದೂರು ಬಂದಿತೆನ್ನಿ. ಮೊದಲು ಚಿಕಿತ್ಸೆಯ ದಾಖಲೆಗಳನ್ನು ತರಿಸಬೇಕು, ಅವುಗಳನ್ನು ಅದೇ ವೃತ್ತಿಯ ತಜ್ಞರೊಬ್ಬರು ಓದಿ ಅಭಿಪ್ರಾಯ ಬರೆಯಬೇಕು, ತಪ್ಪು ಕಂಡರೆ ತನಿಖಾಧಿಕಾರಿ ಹೋಗಿ ಸಂಬಂಧಪಟ್ಟವರ ಹೇಳಿಕೆ ಪಡೆಯಬೇಕು. ಆಮೇಲೆ ಕಡತ ಅಟಾರ್ನಿ ಜನರಲ್ ಕಚೇರಿಗೆ ಹೋಗುತ್ತದೆ, ಅಲ್ಲಿನ ವಕೀಲರು ಮಂಡಳಿಗೆ ಗಂಟೆಯ ಲೆಕ್ಕದಲ್ಲಿ ಬಿಲ್ ಕಳಿಸುತ್ತಾರೆ. ಕೊನೆಗೆ ಆಡಳಿತಾತ್ಮಕ ನ್ಯಾಯಾಧೀಶರ ಮುಂದೆ ವಿಚಾರಣೆ, ಅದಕ್ಕೂ ಪ್ರತ್ಯೇಕ ಬಿಲ್. 2019ರಲ್ಲಿ ವಕೀಲರ ಗಂಟೆಯ ದರ ಒಮ್ಮೆಲೇ ಏರಿದಾಗ ಸಣ್ಣ ಮಂಡಳಿಗಳ ಬಜೆಟ್ ನಡುಗಿತ್ತು. ಆದಾಯ ಕಡಿಮೆಯಾದರೆ ಮಂಡಳಿ ಮೊದಲು ಕೈಬಿಡುವುದು ಇಂಥ ತನಿಖೆಗಳನ್ನೇ, ಏಕೆಂದರೆ ನವೀಕರಣದ ಕಡತ ತಡವಾದರೆ ನೂರಾರು ಮಂದಿ ಕೂಗುತ್ತಾರೆ, ದೂರಿನ ಕಡತ ತಡವಾದರೆ ಕೂಗಲು ಆ ಒಬ್ಬ ರೋಗಿಯ ಹೊರತು ಯಾರೂ ಇರುವುದಿಲ್ಲ.

ಉತ್ತರ 3

ಮೇಲಿನ ಸದಸ್ಯರ ಅನುಭವವನ್ನು ಗೌರವಿಸುತ್ತೇನೆ. ಆದರೆ ಮೀಸಲು ನಿಧಿ ಇರುವುದು ದೂರುಗಳ ತನಿಖೆಗೆ ಎನ್ನುವುದಾದರೆ, ಅದು ಅದಕ್ಕೇ ಉಳಿಯಬೇಕಲ್ಲವೇ? 2000ದ ದಶಕದ ಬಜೆಟ್ ಕೊರತೆಯ ವರ್ಷಗಳಲ್ಲಿ ಇದೇ ರಾಜ್ಯವು ಮಂಡಳಿಗಳ ನಿಧಿಗಳಿಂದ ತನ್ನ ಸಾಮಾನ್ಯ ನಿಧಿಗೆ, ಅಂದರೆ ಸರ್ಕಾರದ ಸಾಮಾನ್ಯ ಖರ್ಚಿನ ಖಜಾನೆಗೆ, ಸಾಲ ತೆಗೆದುಕೊಂಡಿತು. ಸಾಲವೆಂದು ಬರೆದು ತೆಗೆದುಕೊಂಡದ್ದು ನಿಜ, ಆದರೂ ಆ ಹಣ ಹೊರಗಿದ್ದಷ್ಟು ಕಾಲ ಪರವಾನಗಿದಾರರು ಕಟ್ಟಿದ ಶುಲ್ಕ ತೆರಿಗೆಯ ಕೆಲಸ ಮಾಡಿತು.

ಈ ವ್ಯತ್ಯಾಸ ನಮ್ಮವರಿಗೆ ಹೊಸದೇನಲ್ಲ. 1951ರ ಮದ್ರಾಸ್ ಧಾರ್ಮಿಕ ದತ್ತಿ ಕಾಯ್ದೆಯಡಿ ಮಠಗಳು ತಮ್ಮ ಆದಾಯದ ಶೇ 5ರವರೆಗೆ ವಂತಿಗೆ ಕೊಡಬೇಕಾಗಿತ್ತು. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಸ್ವಾಮಿಗಳು ಅದನ್ನು ಪ್ರಶ್ನಿಸಿದರು. 1954ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಆ ವಂತಿಗೆ ಶುಲ್ಕವಲ್ಲ, ತೆರಿಗೆ ಎಂದು ತೀರ್ಪು ನೀಡಿತು. ಹಣ ಸರ್ಕಾರದ ಸಂಚಿತ ನಿಧಿಗೆ ಸೇರುತ್ತಿತ್ತು, ಸಲ್ಲುವ ಸೇವೆಗೆಂದು ಪ್ರತ್ಯೇಕವಾಗಿ ತೆಗೆದಿಟ್ಟಿರಲಿಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣ. ದೇಶ ಬೇರೆ, ಸಂವಿಧಾನ ಬೇರೆ, ಆ ತೀರ್ಪು ಇಲ್ಲಿ ಅನ್ವಯಿಸುವುದಿಲ್ಲ. ಆದರೆ ಹಣ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಕೇಳುವ ಆ ಕ್ರಮ ಇಲ್ಲಿಗೂ ಒಪ್ಪುತ್ತದೆ. ಆದ್ದರಿಂದ ಮಸೂದೆಯಲ್ಲಿ ಮಂಡಳಿಯ ನಿಧಿಯನ್ನು ಬೇರೆಡೆಗೆ ತಿರುಗಿಸಬಾರದೆಂಬ ಮಾತೂ ಇರಬೇಕು. ಅದಿಲ್ಲದೆ ಶುಲ್ಕವನ್ನು ಮಾತ್ರ ಇಳಿಸಿದರೆ, ಮುಂದಿನ ಕೊರತೆಯ ವರ್ಷದಲ್ಲಿ ಉಳಿದ ಮೀಸಲೂ ಹೊರಟುಹೋಗುತ್ತದೆ, ಮರುವರ್ಷ ಮಂಡಳಿ ಏರಿಕೆ ಕೇಳಿಕೊಂಡು ಬರುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಸಾರಾಸಗಟು ಕಡಿತದ ಮನವಿಗೆ ನಾನು ಸಹಿ ಹಾಕುವುದಿಲ್ಲ. ತುಂಬಿದ ವರ್ಷ, ಬತ್ತಿದ ವರ್ಷ ಎಂಬ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಮಂಡಳಿಯ ಹಿಂದಿನ ಆರು ವರ್ಷಗಳ ನಿಧಿ ವಿವರವನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ. ಅರೆಕಾಲಿಕವಾಗಿ ದುಡಿಯುವವರ ಪ್ರಶ್ನೆಗೆ ಮಾತ್ರ ಯಾರೂ ಉತ್ತರಿಸಲಿಲ್ಲ.

ಉತ್ತರ 1ರ ಸದಸ್ಯರಿಂದ

ಕ್ಷಮಿಸಿ, ಅದನ್ನು ಬಿಟ್ಟದ್ದು ನನ್ನ ತಪ್ಪು. ಕೆಲಸವನ್ನೇ ನಿಲ್ಲಿಸಿದವರಿಗೆ ಹಲವು ಮಂಡಳಿಗಳಲ್ಲಿ ನಿಷ್ಕ್ರಿಯ ಪರವಾನಗಿಯ ಅವಕಾಶವಿದೆ, ಆದರೆ ವಾರಕ್ಕೆ ಎರಡು ದಿನ ದುಡಿಯುವವರಿಗೆ ಅದು ಸಿಗುವುದಿಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ, ಮಂಡಳಿಯನ್ನು ಮುಂದುವರಿಸುವ ಮೊದಲು, ಶಾಸಕಾಂಗದ ಸಮಿತಿಗಳು ಸನ್‌ಸೆಟ್ ರಿವ್ಯೂ ನಡೆಸಿ ಶುಲ್ಕ, ಮೀಸಲು ಎಲ್ಲವನ್ನೂ ಪರಿಶೀಲಿಸುತ್ತವೆ. ಅಲ್ಲಿ ಸಾರ್ವಜನಿಕರೂ ಮಾತನಾಡಬಹುದು. ನಿಮ್ಮ ಮಂಡಳಿಯ ಸರದಿ ಯಾವ ವರ್ಷ ಎಂದು ನೋಡಿಕೊಳ್ಳಿ, ಸಾಧ್ಯವಾದರೆ ನಿಮ್ಮ ಸಹೋದ್ಯೋಗಿಯೇ ಹೋಗಿ ಹೇಳಲಿ.