ಪಿಯುಸಿ ಓದುವ ತಮ್ಮನಿಗೆ ದೃಷ್ಟಿ ಕಡಿಮೆ: ಮುಂದಿನ ಓದು, ಕೆಲಸದ ದಾರಿ ತಿಳಿದವರು ಹೇಳಿ

ಕೇಳಿದವರು: ಅಕ್ಕ, ಬೇಲೆಕೇರಿ (ಅಂಕೋಲಾ ತಾಲೂಕು)

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ 17 ವರ್ಷ. ಕಣ್ಣಿನ ವೈದ್ಯರು ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಬರೆದುಕೊಟ್ಟಿದ್ದಾರೆ. ಹಗಲು ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಕತ್ತಲಾದರೆ ಏನೂ ಇಲ್ಲ. ಅಂಕೋಲೆಯಲ್ಲಿ ಮೊದಲ ಪಿಯುಸಿ, ಕಲಾ ವಿಭಾಗ. ಬೋರ್ಡಿನ ಮೇಲಿನದು ಬರೆದುಕೊಳ್ಳಲು ಆಗುತ್ತಿಲ್ಲ. ಒಂದು ಕಡೆ ತೋರಿಸಿದಾಗ ಅಂಗವೈಕಲ್ಯ 40% ಆಗುವುದಿಲ್ಲ, ವಿಕಲಚೇತನರ ಕಾರ್ಡು ಸಿಗುವುದಿಲ್ಲ ಅಂದರು. ಅಪ್ಪ ಬೋಟಿಗೆ ಹೋಗುತ್ತಾರೆ, ಮಳೆಗಾಲದಲ್ಲಿ ಆದಾಯ ಇಲ್ಲ. ಕೆಲವರು ಮೈಸೂರಿಗೆ ಕಳಿಸಿ ಅಂತಾರೆ, ಕೆಲವರು ಓದಿಸಿ ಏನು ಉಪಯೋಗ ಅಂತಾರೆ. ಪಕ್ಕದ ಮನೆಯ ಹುಡುಗಿಗೂ ದಾರಿ ಬೇಕು: ಕಿವಿ ಕೇಳುವುದಿಲ್ಲ, 21 ವರ್ಷ, ಎಸ್ಸೆಸ್ಸೆಲ್ಸಿ ಪಾಸು, ಹೊಲಿಗೆ ಚೆನ್ನಾಗಿ ಬರುತ್ತದೆ.

ಕಣ್ಣು ತಪಾಸಣೆ ಮಾಡುವವರು, ಕುಮಟಾ

ಮೊದಲು ಆ 40%ರ ವಿಷಯ ಇತ್ಯರ್ಥ ಆಗಲಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಈ ಕಾಯಿಲೆಯಲ್ಲಿ ನಡುವಿನ ದೃಷ್ಟಿ ಬಹಳ ಕಾಲ ಉಳಿಯುತ್ತದೆ, ಸುತ್ತಲಿನದು ಮೊದಲು ಹೋಗುತ್ತದೆ. ಗೋಡೆಯ ಮೇಲಿನ ಅಕ್ಷರಗಳನ್ನು ಮಾತ್ರ ಓದಿಸಿದರೆ ಹುಡುಗ ಸಣ್ಣ ಅಕ್ಷರದ 6/12, 6/18ರ ಸಾಲನ್ನೂ ಓದಿಬಿಡಬಹುದು. ಆಗ ಶೇಕಡಾವಾರು ಕಡಿಮೆಯೇ ಬರುತ್ತದೆ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನೋಟದ ವಿಸ್ತಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಳ್ಳೆಯ ಕಣ್ಣಿನಲ್ಲಿ ವಿಸ್ತಾರ 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿಯವರೆಗೆ ಇದ್ದರೆ ಅದು ಅಲ್ಪದೃಷ್ಟಿ. 10 ಡಿಗ್ರಿಗಿಂತ ಕಡಿಮೆಯಿದ್ದರೆ, ಅಕ್ಷರ ಓದಲು ಬಂದರೂ, ಅದು ಅಂಧತ್ವ.

ಇದನ್ನು ಅಳೆಯುವ ಪರೀಕ್ಷೆಗೆ ಪೆರಿಮೆಟ್ರಿ ಅಂತಾರೆ, ಆಸ್ಪತ್ರೆಯಲ್ಲಿ ‘ಫೀಲ್ಡ್ ಟೆಸ್ಟ್’ ಅಂದರೆ ಸಾಕು. ಎರಡೂ ಕಣ್ಣಿಗೆ ಮಾಡಿಸಿ. ಮುದ್ರಿತ ವರದಿ, ರೆಟಿನಾ ತಜ್ಞರ ಚೀಟಿ ಎರಡನ್ನೂ ಹಿಡಿದುಕೊಂಡು ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ವೈದ್ಯರ ಮಂಡಳಿಯ ಎದುರು ಹೋಗಿ, ‘ಫೀಲ್ಡ್ ಕೂಡ ನೋಡಿ ಸರ್’ ಎಂದು ಬಾಯಿಬಿಟ್ಟು ಕೇಳಿ. ಪರೀಕ್ಷೆಯ ದಿನ ಹುಡುಗ ನಿದ್ದೆಗೆಟ್ಟು ಬಂದಿರಬಾರದು. ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತಬೇಕು, ಅದು ತಡವಾದರೆ ವರದಿ ನಂಬಲರ್ಹವಲ್ಲ ಎಂದು ಯಂತ್ರವೇ ತೋರಿಸುತ್ತದೆ, ಮತ್ತೆ ಮಾಡಿಸಬೇಕಾಗುತ್ತದೆ.

ಈ ಕಾಯಿಲೆ ನಿಧಾನಕ್ಕೆ ಹೆಚ್ಚುತ್ತದೆ. ಈಗ ಎಷ್ಟು ಬರೆದರೂ ಮುಂದೆ ದೃಷ್ಟಿ ಇಳಿದಾಗ ಮರುತಪಾಸಣೆಗೆ ಅರ್ಜಿ ಹಾಕಬಹುದು. ಬರೆದದ್ದು ತಪ್ಪು ಅನಿಸಿದರೆ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿಗೂ ಅವಕಾಶ ಇದೆ.

ತಾಲೂಕು ಪುನರ್ವಸತಿ ಕಾರ್ಯಕರ್ತ (ಎಂಆರ್‌ಡಬ್ಲ್ಯೂ), ಹೊನ್ನಾವರ

ಅಕ್ಕಾ, ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿನ ಅರ್ಜಿ ಸ್ವಾವಲಂಬನ್ ಜಾಲತಾಣದಲ್ಲಿ. ನಿಮ್ಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ, ಇರುತ್ತಾರೆ. ಅರ್ಜಿ ತುಂಬಿಸುವುದು ಅವರ ಕೆಲಸವೇ, ಸಂಕೋಚ ಬೇಡ. ಆಧಾರ್, ಫೋಟೊ, ಸಹಿ, ವಿಳಾಸದ ದಾಖಲೆ, ಮೇಲೆ ಹೇಳಿದ ವರದಿಗಳು. ಆಸ್ಪತ್ರೆ ಆಯ್ಕೆ ಮಾಡುವಾಗ ಕರಾವಳಿಯವರಿಗೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ಅನುಕೂಲ. ಕಣ್ಣಿನ ತಜ್ಞರು ಮಂಡಳಿಗೆ ಕೂರುವ ದಿನ ಯಾವುದೆಂದು ಫೋನ್ ಮಾಡಿ ಕೇಳಿಯೇ ಬಸ್ ಹತ್ತಿ. ಇಲ್ಲವಾದರೆ ಅಪ್ಪನ ಒಂದು ದಿನದ ದುಡಿಮೆಯೂ ಹೋಯಿತು, ಕೆಲಸವೂ ಆಗಲಿಲ್ಲ. ಕಾರ್ಡಿನ ಬಣ್ಣ ನೋಡಿದರೆ ತಿಳಿಯುತ್ತದೆ: 40%ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ತಾತ್ಕಾಲಿಕ ಎಂದು ಬರೆದಿದ್ದರೆ ಮುಗಿಯುವ ತಾರೀಕು ಗುರುತು ಹಾಕಿಟ್ಟುಕೊಳ್ಳಿ. ನೇಮಕಾತಿಯ ದಾಖಲೆ ಪರಿಶೀಲನೆಯ ದಿನ ಅವಧಿ ಮುಗಿದ ಪ್ರಮಾಣಪತ್ರ ಹಿಡಿದು ನಿಲ್ಲುವ ಪರಿಸ್ಥಿತಿ ಬರಬಾರದು.

ನಮ್ಮ ಜಿಲ್ಲೆಯಲ್ಲಿ ಅರ್ಜಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಒಂದೇ ಮನೆಯಲ್ಲಿ ಆಧಾರಿನಲ್ಲಿ ‘ನಾಯ್ಕ’, ಅಂಕಪಟ್ಟಿಯಲ್ಲಿ ‘ನಾಯಕ’, ಬ್ಯಾಂಕಿನಲ್ಲಿ ಇಂಗ್ಲಿಷ್ ಕಾಗುಣಿತ ಮತ್ತೊಂದು. ಗೌಡ, ಹೆಗಡೆ, ಹರಿಕಂತ್ರ ಎಲ್ಲರದ್ದೂ ಇದೇ ಪಾಡು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಕ್ಷರಕ್ಕೆ ಅಕ್ಷರ ಹೇಗಿದೆಯೋ ಹಾಗೆಯೇ ಆಧಾರ್, ಬ್ಯಾಂಕ್ ಖಾತೆ ಎರಡನ್ನೂ ತಿದ್ದಿಸಿ, ಆಮೇಲೆ ಯುಡಿಐಡಿಗೆ ಹೋಗಿ. ಅಂಕಪಟ್ಟಿ ತಿದ್ದಿಸುವುದು ಕಷ್ಟ, ಆಧಾರ್ ತಿದ್ದಿಸುವುದು ಸುಲಭ. ಹಾಗಾಗಿ ಈ ಕ್ರಮ.

ವಿದ್ಯಾರ್ಥಿವೇತನ: ಪಿಯುಸಿಯಿಂದ ಮೇಲಕ್ಕೆ ಕೇಂದ್ರದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ರಾಷ್ಟ್ರೀಯ ಪೋರ್ಟಲ್ (ಎನ್‌ಎಸ್‌ಪಿ) ಮೂಲಕ. 40% ಅಂಗವೈಕಲ್ಯ, ಪೋಷಕರ ವಾರ್ಷಿಕ ಆದಾಯ 2.5 ಲಕ್ಷದೊಳಗೆ. ರಾಜ್ಯದ್ದು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ. ಒಂದೇ ವರ್ಷ ಎರಡೂ ಕಡೆಯ ಹಣ ಪಡೆಯುವಂತಿಲ್ಲ, ಯಾವುದು ಹೆಚ್ಚು ಎಂದು ಮೊದಲೇ ನೋಡಿ. ಹಣ ಬಾರದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಖಾತೆಗೆ ಆಧಾರ್ ಕೊಟ್ಟಿರುತ್ತಾರೆ, ಆದರೆ ಎನ್‌ಪಿಸಿಐಯಲ್ಲಿ (ಬ್ಯಾಂಕುಗಳ ಹಣ ವರ್ಗಾವಣೆ ನೋಡಿಕೊಳ್ಳುವ ಸಂಸ್ಥೆ) ಜೋಡಣೆ ಆಗಿರುವುದಿಲ್ಲ. ಬ್ಯಾಂಕಿನಲ್ಲಿ ‘ಡಿಬಿಟಿಗೆ ಸೀಡಿಂಗ್ ಆಗಿದೆಯಾ’, ಅಂದರೆ ಸರ್ಕಾರದ ಹಣ ನೇರ ಬರಲು ಆಧಾರ್ ಜೋಡಣೆ ಆಗಿದೆಯಾ ಎಂದೇ ಕೇಳಬೇಕು. ಇನ್ನೊಂದು, ಕಾಲೇಜಿನ ಮಟ್ಟದ ಪರಿಶೀಲನೆ ಬಾಕಿ ಉಳಿದಿರುತ್ತದೆ. ಅರ್ಜಿ ಹಾಕಿದ ವಾರದಲ್ಲೇ ಪ್ರಿಂಟ್ ತೆಗೆದು ಕಾಲೇಜಿನ ಗುಮಾಸ್ತರ ಕೈಗೆ ಕೊಡಿ.

ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕಿ (ಬಿಐಇಆರ್‌ಟಿ), ಶಿರಸಿ ಶೈಕ್ಷಣಿಕ ಜಿಲ್ಲೆ

ಓದಿಸಿ ಏನು ಉಪಯೋಗ ಅನ್ನುವವರ ಮಾತನ್ನು ದಯವಿಟ್ಟು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5% ಸೀಟು 40% ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮೀಸಲು, ಪ್ರವೇಶದ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ. ಅದು ಕಾನೂನು, ಯಾರ ಕೃಪೆಯೂ ಅಲ್ಲ.

ಮೈಸೂರಿನ ಬಗ್ಗೆ: ಅಲ್ಲಿ ಜೆಎಸ್‌ಎಸ್ ವಿಕಲಚೇತನರ ಪಾಲಿಟೆಕ್ನಿಕ್ ಇದೆ, ಒಳ್ಳೆಯದು. ಆದರೆ ಅದು ಡಿಪ್ಲೊಮಾ. ಹುಡುಗ ಈಗಾಗಲೇ ಕಲಾ ವಿಭಾಗದಲ್ಲಿದ್ದಾನೆ, ಓದು ಸಾಗುತ್ತಿದೆ. ನಡುವೆ ಎಬ್ಬಿಸಿ ಕಳಿಸುವುದಕ್ಕಿಂತ ಪಿಯುಸಿ, ಬಿಎ ಇಲ್ಲೇ ಮುಗಿಸಲಿ, ಬೇಸಿಗೆ ರಜೆಯಲ್ಲಿ ಕಂಪ್ಯೂಟರ್ ಮತ್ತು ಬಿಳಿಕೋಲಿನ ತರಬೇತಿಗೆ ಹೊರಗೆ ಕಳಿಸಿ ಎಂಬುದು ನನ್ನ ಅಭಿಪ್ರಾಯ. ಬಿಳಿಕೋಲು ಅಂದ ಕೂಡಲೆ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಜೂನ್-ಜುಲೈಯಲ್ಲಿ ಐದೂವರೆಗೇ ಮಬ್ಬು ಕವಿಯುತ್ತದೆ, ರಸ್ತೆ ಬದಿಯ ಗಟಾರ ನೀರಿನಲ್ಲಿ ಮುಚ್ಚಿಹೋಗಿರುತ್ತದೆ. ಕೋಲಿದ್ದರೆ ಅವನು ಬಸ್ಸಿಳಿದು ಒಬ್ಬನೇ ಮನೆ ಸೇರುತ್ತಾನೆ, ಇಲ್ಲದಿದ್ದರೆ ಸಂಜೆಯ ತರಗತಿ ತಪ್ಪಿಸುತ್ತಾನೆ. ಕಣ್ಣು ಇನ್ನೂ ಕಾಣುವಾಗ ಕಲಿತರೆ ಕಲಿಕೆ ಬೇಗ.

ತರಗತಿಗೆ: ಮುಂದಿನ ಬೆಂಚು ಸಾಲದು. ಅವನಿಗೆ ನಡುವಿನದು ಮಾತ್ರ ಕಾಣುವುದರಿಂದ ತೀರಾ ಹತ್ತಿರ ಕುಳಿತರೆ ಬೋರ್ಡಿನ ಒಂದು ಚೂರು ಮಾತ್ರ ಕಣ್ಣಿಗೆ ಸಿಗುತ್ತದೆ. ಎರಡನೆಯ ಅಥವಾ ಮೂರನೆಯ ಸಾಲಿನ ಮಧ್ಯೆ, ಕಿಟಕಿಗೆ ಬೆನ್ನು ಮಾಡಿ ಕೂರಿಸಿ ನೋಡಿ. ಬರೆದದ್ದನ್ನು ಓದುತ್ತ ಬರೆಯಿರಿ ಎಂದು ಉಪನ್ಯಾಸಕರಿಗೆ ಹೇಳಿ. ಇದಕ್ಕೆ ಖರ್ಚಿಲ್ಲ.

ಪರೀಕ್ಷೆ: ಸ್ಕ್ರೈಬ್ (ಬರೆಯುವ ಸಹಾಯಕ) ಬೇಕೋ, ಹೆಚ್ಚುವರಿ ಸಮಯ ಮಾತ್ರ ಸಾಕೋ ಈಗಲೇ ತೀರ್ಮಾನಿಸಿ. ಕೇಂದ್ರದ 2018ರ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷ ಹೆಚ್ಚುವರಿ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಅನುಮತಿ ಪ್ರಾಂಶುಪಾಲರ ಮೂಲಕ ಪರೀಕ್ಷಾ ಮಂಡಳಿಯಿಂದ ಬರಬೇಕು, ಪರೀಕ್ಷಾ ಅರ್ಜಿ ತುಂಬುವಾಗಲೇ ಕೇಳಿ. ಹಿಂದಿನ ದಿನ ಕೇಳಿದರೆ ಆಗುವುದಿಲ್ಲ. ಸ್ಕ್ರೈಬ್ ಜೊತೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಪೂರ್ತಿ ಬರೆಸಿ ಅಭ್ಯಾಸ ಮಾಡಿ. ಉತ್ತರ ಗೊತ್ತಿರುವುದು ಬೇರೆ, ವಾಕ್ಯ ಕಟ್ಟಿ ಹೇಳಿ ಬರೆಸುವುದು ಬೇರೆ. ಹೇಳಿದ್ದು ಎಲ್ಲಿಗೆ ನಿಂತಿತು ಎಂದು ಮರೆಯುವುದರಿಂದಲೇ ಬಹಳ ಮಕ್ಕಳ ಅಂಕ ಹೋಗುತ್ತದೆ.

ಇದನ್ನು ಓದುವ ಕಿರಿಯ ಮಕ್ಕಳ ತಂದೆತಾಯಿಗೆ ಒಂದು ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನದ ಬದಲು ಬೇರೆ ವಿಷಯ ತೆಗೆದುಕೊಳ್ಳಲು ವಿಶೇಷ ಅಗತ್ಯದ ಮಕ್ಕಳಿಗೆ ಅವಕಾಶವಿದೆ. ಸುಲಭ ಎಂದು ಕೂಡಲೆ ಒಪ್ಪಬೇಡಿ. ಮುಂದೆ ಐಟಿಐ, ಡಿಪ್ಲೊಮಾ ಬೇಕೆಂದಾಗ ಆ ಬಾಗಿಲು ಮುಚ್ಚಿರಬಹುದು.

ಕಂಪ್ಯೂಟರ್ ಕಲಿಸುವವರು, ಕಾರವಾರ

ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ತಮ್ಮನಿಗೆ ಬಿಎಗಿಂತ ಹೆಚ್ಚು ಕೆಲಸಕ್ಕೆ ಬರುವುದು ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ. ವಿಂಡೋಸ್‌ಗೆ ಎನ್‌ವಿಡಿಎ ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತದೆ. ದನಿ ಮೊದಮೊದಲು ಒರಟು ಅನಿಸುತ್ತದೆ, ಕಿವಿ ಒಂದೆರಡು ವಾರದಲ್ಲಿ ಒಗ್ಗುತ್ತದೆ. ಲ್ಯಾಪ್‌ಟಾಪ್ ಹಳೆಯದಾದರೂ ಪರವಾಗಿಲ್ಲ, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ವೇಗದ ಡಿಸ್ಕ್) ಇರಲಿ. ಎಸ್‌ಎಸ್‌ಡಿ ಇಲ್ಲದಿದ್ದರೆ ಕೀಲಿ ಒತ್ತಿದ ಮೇಲೆ ದನಿ ತಡವಾಗಿ ಬರುತ್ತದೆ, ಕಲಿಯುವವನಿಗೆ ಬೇಸರ ಬಂದು ಬಿಟ್ಟೇಬಿಡುತ್ತಾನೆ. ದೃಷ್ಟಿಹೀನ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್ ಕೊಡುವ ಯೋಜನೆ ವಿಕಲಚೇತನರ ಇಲಾಖೆಯಲ್ಲಿದೆ, ಜಿಲ್ಲಾ ಕಚೇರಿಯಲ್ಲಿ ಆ ವರ್ಷದ ಅರ್ಜಿ ಕೇಳಿ.

ಕಲಿಸುವ ಕ್ರಮ: ಮೊದಲು ಟೈಪಿಂಗ್, ಬೇರೇನೂ ಬೇಡ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಉಬ್ಬು ಗೆರೆ ತೋರುಬೆರಳಿಗೆ ಸಿಗಬೇಕು, ಕಣ್ಣು ಕೀಲಿಮಣೆಗೆ ಹೋಗಬಾರದು. ಸ್ವಲ್ಪ ಕಾಣುವ ಮಕ್ಕಳು ಬಗ್ಗಿ ಕೀಲಿ ನೋಡುತ್ತಾರೆ. ಅದು ರೂಢಿಯಾದರೆ ದೃಷ್ಟಿ ಇಳಿದ ದಿನ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕೀಲಿಮಣೆಯ ಮೇಲೆ ಟವೆಲ್ ಹಾಕಿ ಕಲಿಸಿ. ಆಮೇಲೆ ಫೈಲು ಉಳಿಸುವುದು, ತೆರೆಯುವುದು. ಆಮೇಲೆ ಜಾಲತಾಣ: ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಕೆ ಒತ್ತಿದರೆ ಮುಂದಿನ ಕೊಂಡಿ, ಎಫ್ ಒತ್ತಿದರೆ ತುಂಬಬೇಕಾದ ಜಾಗ. ಕೊನೆಗೆ ಎಕ್ಸೆಲ್.

ಕನ್ನಡದಲ್ಲಿ ಒಂದು ತೊಡಕು ಎಲ್ಲರಿಗೂ ಎದುರಾಗುತ್ತದೆ. ಉಪನ್ಯಾಸಕರು ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಟಿಪ್ಪಣಿ ಕೊಡುತ್ತಾರೆ. ನೋಡುವವರಿಗೆ ಅದು ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ರಾಶಿ. ಎನ್‌ವಿಡಿಎ ಅರ್ಥವಿಲ್ಲದ್ದನ್ನು ಓದುತ್ತದೆ, ಹುಡುಗ ತನ್ನದೇ ತಪ್ಪು ಅಂದುಕೊಳ್ಳುತ್ತಾನೆ. ಅಂಥ ಫೈಲನ್ನು ಆಸ್ಕಿ ಎಂಬ ಹಳೆಯ ಸಂಕೇತದಿಂದ, ಯಂತ್ರಕ್ಕೆ ಕನ್ನಡವೆಂದೇ ತಿಳಿಯುವ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಅವುಗಳಲ್ಲಿ ಹಾಕಿ, ಒತ್ತಕ್ಷರ ಮತ್ತು ಅರ್ಕಾವತ್ತು ಸರಿ ಬಂದಿದೆಯೇ ಎಂದು ಒಬ್ಬರು ನೋಡಿಕೊಟ್ಟರೆ ಸಾಕು. ಮುದ್ರಿತ ಪುಟವನ್ನು ಫೋನಿನ ಗೂಗಲ್ ಲೆನ್ಸ್ ಓದಿಸಬಹುದು, ಕೈಬರಹಕ್ಕೆ ಅದನ್ನು ನೆಚ್ಚಬೇಡಿ. ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ, ಮುದ್ರಿತ ಪುಸ್ತಕ ಓದಲಾಗದವರಿಗೆಂದೇ ಮಾಡಿದ್ದು. ಸದಸ್ಯತ್ವ ಮಾಡಿಸಿ.

ಬ್ಯಾಂಕ್ ಉದ್ಯೋಗಿ, ಭಟ್ಕಳ

ಕೆಲಸದ ವಿಷಯ. ಸರ್ಕಾರಿ ಹುದ್ದೆಗಳಲ್ಲಿ ಕಾಯ್ದೆಯಂತೆ ಕನಿಷ್ಠ 4% ಮೀಸಲು. ಅದರಲ್ಲಿ 1% ಅಂಧರು ಮತ್ತು ಅಲ್ಪದೃಷ್ಟಿಯವರಿಗೆ, 1% ಶ್ರವಣದೋಷದವರಿಗೆ. ಬ್ಯಾಂಕ್ ಗುಮಾಸ್ತರ ಐಬಿಪಿಎಸ್ ಪರೀಕ್ಷೆಗೆ ಸಾಮಾನ್ಯ ವಯೋಮಿತಿ 28, ಇವರಿಗೆ 10 ವರ್ಷ ಸಡಿಲಿಕೆ. ಯಾವುದೇ ಪದವಿ ಸಾಕು. ಅಧಿಸೂಚನೆ ಓದುವಾಗ ಹುದ್ದೆಯ ಎದುರಿಗಿರುವ ಸಂಕೇತ ನೋಡಿ: ಬಿ ಅಂದರೆ ಅಂಧ, ಎಲ್‌ವಿ ಅಲ್ಪದೃಷ್ಟಿ, ಡಿ ಕಿವುಡು, ಎಚ್‌ಎಚ್ ಮಂದ ಶ್ರವಣ. ತಮ್ಮನ ಪ್ರಮಾಣಪತ್ರದಲ್ಲಿ ಬರೆದ ವಿಧ ಆ ಹುದ್ದೆಯ ಸಂಕೇತದಲ್ಲಿ ಇಲ್ಲದಿದ್ದರೆ, ಪರೀಕ್ಷೆ ಪಾಸಾದರೂ ದಾಖಲೆ ಪರಿಶೀಲನೆಯಲ್ಲಿ ತಿರಸ್ಕಾರ ಆಗುತ್ತದೆ. ಸ್ಕ್ರೈಬ್‌ನ ಓದಿನ ಮಿತಿ ಬದಲಾಗುತ್ತಿರುತ್ತದೆ, ಆಯಾ ಅಧಿಸೂಚನೆಯಲ್ಲಿ ಇದ್ದದ್ದೇ ಅಂತಿಮ.

ಪಕ್ಕದ ಮನೆಯ ತಂಗಿಗೆ: ಶುದ್ಧ ಸ್ವರ ಶ್ರವಣ ಪರೀಕ್ಷೆ (ಪಿಟಿಎ) ಮಾಡಿಸಿ. ಎರಡೂ ಕಿವಿಯಲ್ಲಿ 60 ಡೆಸಿಬೆಲ್ ನಷ್ಟದಿಂದ ಮಂದ ಶ್ರವಣ, 70ರಿಂದ ಕಿವುಡು ಎಂದು ಲೆಕ್ಕ. ಹೊಲಿಗೆಗೆ ಪಿಎಂಇಜಿಪಿ (ಕೇಂದ್ರದ ಸ್ವಉದ್ಯೋಗ ಯೋಜನೆ) ಸಾಲ ಯೋಚಿಸಬಹುದು, ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಹಳ್ಳಿಯಲ್ಲಿ ವಿಕಲಚೇತನರಿಗೆ 35% ಸಬ್ಸಿಡಿ, ಸ್ವಂತ ಹಣ 5%. 2 ಲಕ್ಷದ ಘಟಕವಾದರೆ ಕೈಯಿಂದ 10,000, ಬ್ಯಾಂಕಿನಿಂದ 1,90,000, ಸಬ್ಸಿಡಿ 70,000. ಆದರೆ ಆ 70,000 ಕೈಗೆ ಬರುವ ಹಣವಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಇದನ್ನು ತಿಳಿಯದೆ ಕಂತು ನಿಲ್ಲಿಸಿದವರದ್ದೇ ಖಾತೆ ಕೆಡುವುದು. ಅರ್ಜಿಗೆ ಮೊದಲು ಆ ವರ್ಷದ ನಿಯಮ ಕೇಳಿಕೊಳ್ಳಿ. ನನ್ನ ಸಲಹೆ, ಮೊದಲು ಒಂದು ವರ್ಷ ಇರುವ ಮಷಿನಿನಲ್ಲೇ ಶಾಲೆ ಸಮವಸ್ತ್ರ, ಬ್ಲೌಸ್ ಹೊಲಿದು ಗಿರಾಕಿ ಕಟ್ಟಿಕೊಳ್ಳಲಿ. ಅಳತೆ, ಬೆಲೆ, ಕೊಡುವ ದಿನ ಮೂರನ್ನೂ ವಾಟ್ಸಾಪಿನಲ್ಲಿ ಬರೆಸಿಕೊಂಡರೆ ಕೇಳಿಸದ್ದರಿಂದ ಆಗುವ ತಕರಾರು ಇರುವುದಿಲ್ಲ. ಅದಕ್ಕಾಗಿ ಅವಳ ಕನ್ನಡ ಬರವಣಿಗೆ ಗಟ್ಟಿಯಾಗಬೇಕು.

ಅಕ್ಕ, ಬೇಲೆಕೇರಿ

ತುಂಬ ಉಪಕಾರ ಆಯ್ತು. ಫೀಲ್ಡ್ ಟೆಸ್ಟ್ ವಿಷಯ ಯಾರೂ ಹೇಳಿರಲಿಲ್ಲ. ಒಂದು ವೇಳೆ ಅದಾದ ಮೇಲೂ 40% ಬಾರದಿದ್ದರೆ ಪರೀಕ್ಷೆಗೆ ಏನು ಮಾಡುವುದು? ಯಲ್ಲಾಪುರದ ಗೆಳತಿಯೊಬ್ಬಳು ಸಿದ್ದಿ ಸಮುದಾಯದವಳು, ಕಾಲಿನ ತೊಂದರೆ ಇದೆ. ಅವಳು ಎಸ್‌ಟಿಯಲ್ಲಿ ಅರ್ಜಿ ಹಾಕಬೇಕೋ, ವಿಕಲಚೇತನರಲ್ಲೋ ಎಂದು ಕೇಳುತ್ತಿದ್ದಾಳೆ.

ಸಂಪನ್ಮೂಲ ಶಿಕ್ಷಕಿ, ಶಿರಸಿ

ಗೆಳತಿ ಎರಡನ್ನೂ ತುಂಬಲಿ. ಉತ್ತರ ಕನ್ನಡದ ಸಿದ್ದಿಯರು 2003ರಿಂದ ಪರಿಶಿಷ್ಟ ಪಂಗಡ. ವಿಕಲಚೇತನರ ಮೀಸಲಾತಿ ಸಮತಲದ್ದು, ಅಂದರೆ ಜಾತಿ ಮೀಸಲಾತಿಯನ್ನು ಅದು ತೆಗೆದುಹಾಕುವುದಿಲ್ಲ, ಅದರೊಳಗೇ ಹೊಂದುತ್ತದೆ. ಒಂದು ಕಾಲಂ ಖಾಲಿ ಬಿಟ್ಟರೆ ಆ ಹಕ್ಕು ಆ ನೇಮಕಾತಿಗೆ ಹೋಯಿತೆಂದೇ ಲೆಕ್ಕ, ಆಮೇಲೆ ಸೇರಿಸಲು ಬಿಡುವುದಿಲ್ಲ. ವಿದ್ಯಾರ್ಥಿವೇತನ ಮಾತ್ರ ಯಾವುದಾದರೂ ಒಂದೇ.

40% ಆಗದಿದ್ದರೂ ಬರೆಯಲು ತೊಂದರೆ ಇರುವವರಿಗಾಗಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಬೇರೆ ಮಾರ್ಗಸೂಚಿ ಹೊರಡಿಸಿದೆ. ಬರೆಯಲು ಮಿತಿ ಇದೆ ಎಂದು ನಿಗದಿತ ನಮೂನೆಯಲ್ಲಿ ಸರ್ಕಾರಿ ವೈದ್ಯಾಧಿಕಾರಿಗಳ ಪ್ರಮಾಣಪತ್ರ ಬೇಕು. ಫೀಲ್ಡ್ ಟೆಸ್ಟಿನ ವರದಿಯ ಎರಡು ಪ್ರತಿ ತೆಗೆದಿಡಿ, ಮಂಡಳಿಗೆ ಒಂದು, ಈ ನಮೂನೆಗೆ ಒಂದು. ಕಾರವಾರಕ್ಕೆ ಹೋದ ದಿನವೇ ಎರಡೂ ಕೆಲಸ ಮುಗಿಸಿಕೊಂಡು ಬನ್ನಿ.