ಬಿಂಕ್‌ಡಿ ಕಳಿಸುತ್ತಿರುವಾಗಲೇ ಟಾಸರ್ ಅದೇ ಬಂಡಲ್‌ಗೆ ಕೈ ಹಾಕಿದರೆ? ಬಿಎಸ್‌ವೈ ಫೈಲ್ ಬಗ್ಗೆ ಸಹಾಯ ಬೇಕು

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್‌ನ ಮನೆಯಲ್ಲಿ ಒಂದು ಸಣ್ಣ ಫಿಡೋನೆಟ್ ನೋಡ್ ನಡೆಸುತ್ತಿದ್ದೇನೆ. (ಫಿಡೋನೆಟ್ ಅಂದರೆ ಕಂಪ್ಯೂಟರ್‌ಗಳು ಒಂದಕ್ಕೊಂದು ಮೇಲ್ ದಾಟಿಸುವ ಹವ್ಯಾಸಿಗಳ ಹಳೆ ಜಾಲ. ಅದರ ಒಂದೊಂದು ಕಂಪ್ಯೂಟರ್ ಒಂದು ನೋಡ್.) ಹಳೆ ಪಿಸಿ ಮೇಲೆ ಹಸ್ಕಿಯ ಎಚ್‌ಪಿಟಿ ಟಾಸರ್ ಇದೆ, ಅಂದರೆ ಮೇಲ್ ವಿಂಗಡಿಸಿ ಕಟ್ಟಿಡುವ ಪ್ರೋಗ್ರಾಂ. ರಾಸ್ಪ್‌ಬೆರಿ ಪೈ ಮೇಲೆ ಬಿಂಕ್‌ಡಿ ಮೇಲರ್, ಅಂದರೆ ಬೇರೆ ನೋಡ್‌ಗಳಿಗೆ ಮೇಲ್ ಕಳಿಸಿ ತರಿಸುವ ಪ್ರೋಗ್ರಾಂ. ಹೊರಹೋಗುವ ಮೇಲ್ ಇರುವ ಔಟ್‌ಬೌಂಡ್ ಫೋಲ್ಡರ್ ಪಿಸಿಯಲ್ಲಿದೆ, ಪೈ ಅದನ್ನು ನೆಟ್‌ವರ್ಕ್‌ನಲ್ಲಿ ಸಾಂಬಾ ಶೇರ್ ಮೂಲಕ ನೋಡುತ್ತದೆ. ಟಾಸ್ ಆದಮೇಲೆ ನನ್ನದೊಂದು ಶೆಲ್ ಸ್ಕ್ರಿಪ್ಟ್ ಓಡುತ್ತದೆ. ಅದು ಉಳಿದ ಪ್ಯಾಕೆಟ್‌ಗಳನ್ನು (ಮೇಲ್ ಇರುವ ಫೈಲ್‌ಗಳು) ಇರುವ ಬಂಡಲ್‌ಗೇ (ಪ್ಯಾಕೆಟ್‌ಗಳನ್ನು ಕುಗ್ಗಿಸಿ ಕಟ್ಟಿದ ಫೈಲ್) ಜಿಪ್ ಮಾಡಿ ಸೇರಿಸುತ್ತದೆ.

ಮೂರು ತೊಂದರೆ ಇವೆ. ಕರೆಂಟ್ ಹೋಗಿ ಬಂದರೆ ಅಪ್‌ಲಿಂಕ್‌ಗೆ (ನನ್ನ ಮೇಲ್ ಜಾಲಕ್ಕೆ ದಾಟಿಸುವ ನೋಡ್) ಮೇಲ್ ಹೋಗುವುದೇ ನಿಲ್ಲುತ್ತದೆ. ಫೋಲ್ಡರ್‌ನಲ್ಲಿ ಒಂದು .ಬಿಎಸ್‌ವೈ ಫೈಲ್ ಕೂತಿರುತ್ತದೆ, ಅಳಿಸಿದರೆ ಮತ್ತೆ ಹೋಗುತ್ತದೆ. ಎರಡನೇದು, ಆಗಾಗ ಬಂಡಲ್ ಮುರಿದು ಬರುತ್ತಿದೆ, ಜಿಪ್ ಬಿಚ್ಚಲು ಆಗುತ್ತಿಲ್ಲ ಅಂತ ಅಪ್‌ಲಿಂಕ್ ಹೇಳುತ್ತಾರೆ. ಮೂರನೇದು, ಫಿಡೋನೆಟ್ ರೀತಿಯದೇ ಇನ್ನೊಂದು ಜಾಲವಾದ ಎಫ್‌ಎಸ್‌ಎಕ್ಸ್‌ನೆಟ್‌ಗೆ ಏನೂ ಹೋಗುತ್ತಿಲ್ಲ. ಫ್ಲೋ ಫೈಲ್‌ಗಳು (ಏನೇನು ಕಳಿಸಬೇಕು ಅನ್ನುವ ಪಟ್ಟಿ) ಔಟ್‌ಬೌಂಡ್.021 ಫೋಲ್ಡರ್‌ನಲ್ಲಿ ಹಾಗೇ ಇವೆ.

ಹದಿನೈದು ನಿಮಿಷಕ್ಕೊಮ್ಮೆ ಎಲ್ಲ .ಬಿಎಸ್‌ವೈ ಅಳಿಸುವ ಕ್ರಾನ್ ಹಾಕಿದರೆ ಸಾಕಾ?

ಉತ್ತರ 1:

ದಯವಿಟ್ಟು ಆ ಕ್ರಾನ್ ಹಾಕಬೇಡಿ. ನಿಮ್ಮ ಎರಡನೇ ತೊಂದರೆ ಈಗ ಆಗಾಗ ಬರುತ್ತಿದೆ, ಆಮೇಲೆ ದಿನಾ ಬರುತ್ತದೆ.

ನಾನು ತೊಂಬತ್ತರ ದಶಕದಲ್ಲಿ ಓಹಾಯೋದಲ್ಲಿದ್ದಾಗ ಬಿಂಕ್ಲಿಟರ್ಮ್ ಅನ್ನುವ ಮೇಲರ್ ಓಡಿಸುತ್ತಿದ್ದೆ. ಒಂದೇ ಡಾಸ್ ಪಿಸಿ, ಹಲವು ಪ್ರೋಗ್ರಾಂ ಒಟ್ಟಿಗೆ ಓಡಿಸುವ ಡೆಸ್ಕ್‌ವ್ಯೂ ಒಳಗೆ ಎರಡು ಕಿಟಕಿ, ಎರಡು ಮೋಡೆಮ್. ದೂರದ ಕರೆಗೆ ನಿಮಿಷದ ಲೆಕ್ಕದಲ್ಲಿ ದುಡ್ಡು. ಅದಕ್ಕೇ ದಿನದ ಎಕೋಮೇಲ್ (ಎಲ್ಲರೂ ಓದುವ ಚರ್ಚೆಯ ಮೇಲ್) ಎಲ್ಲ ಒಟ್ಟುಮಾಡಿ, ಕುಗ್ಗಿಸಿ, ಒಂದೇ ಬಂಡಲ್ ಮಾಡಿ ರಾತ್ರಿ ಕಳಿಸುತ್ತಿದ್ದೆವು. ಒಂದು ಲೈನ್ ಆಗಲೇ ಒಬ್ಬರಿಗೆ ಮೇಲ್ ಕಳಿಸುತ್ತಿರುವಾಗ ಇನ್ನೊಂದು ಲೈನ್ ಅದೇ ನೋಡ್‌ಗೆ ಕರೆ ಮಾಡಬಾರದು, ಟಾಸರ್ ಕೂಡ ಆ ಬಂಡಲ್ ಮುಟ್ಟಬಾರದು. .ಬಿಎಸ್‌ವೈ ಇರುವುದೇ ಇದಕ್ಕೆ.

ಒಂದು ವಿಷಯ ಮನಸ್ಸಿನಲ್ಲಿಡಿ. ಇದು ಆಪರೇಟಿಂಗ್ ಸಿಸ್ಟಮ್ ಹಾಕುವ ಬೀಗ ಅಲ್ಲ. ಪ್ರೋಗ್ರಾಂಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದ. ಬಿಂಕ್‌ಡಿ ಪಾಲಿಸುತ್ತದೆ, ಎಚ್‌ಪಿಟಿ ಪಾಲಿಸುತ್ತದೆ. ನಿಮ್ಮ ಶೆಲ್ ಸ್ಕ್ರಿಪ್ಟ್‌ಗೆ ಆ ಒಪ್ಪಂದದ ವಿಷಯವೇ ಗೊತ್ತಿಲ್ಲ, ಅಲ್ವಾ? ಬಿಂಕ್‌ಡಿ ಅರ್ಧ ಬಂಡಲ್ ಕಳಿಸಿರುತ್ತದೆ, ಅಷ್ಟರಲ್ಲಿ ಜಿಪ್ ಆ ಫೈಲನ್ನೇ ಬದಲಾಯಿಸುತ್ತದೆ. ಆ ಕಡೆ ಸಿಗುವುದು ತಲೆ ಒಂದರದು, ಬಾಲ ಇನ್ನೊಂದರದು.

ಸರಿಯಾದ ಕ್ರಮ ಹೀಗೆ. ಯಾವ ಲಿಂಕ್‌ಗೆ (ನೀವು ಮೇಲ್ ಕಳಿಸುವ ನೋಡ್) ಬಂಡಲ್ ಕಟ್ಟುತ್ತೀರೋ ಅದರ .ಬಿಎಸ್‌ವೈ ಮೊದಲು ಮಾಡಬೇಕು. ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಮಾಡುವುದು ಅಂತ ಎರಡು ಹೆಜ್ಜೆ ಇಡಬೇಡಿ. ಆ ಎರಡರ ನಡುವೆ ಇನ್ನೊಬ್ಬರು ನುಗ್ಗುತ್ತಾರೆ. ಶೆಲ್‌ನಲ್ಲಾದರೆ ನೋಕ್ಲಾಬರ್ ಹಾಕಿ ಬರೆಯಿರಿ, ಫೈಲ್ ಆಗಲೇ ಇದ್ದರೆ ಆ ಸಾಲೇ ಸೋಲುತ್ತದೆ. ಸೋತರೆ ಕಾಯುತ್ತಾ ಕೂರಬೇಡಿ. ಆ ಲಿಂಕ್ ಬಿಟ್ಟು ಮುಂದಕ್ಕೆ ಹೋಗಿ, ಮುಂದಿನ ಸಲ ನೋಡಿದರಾಯಿತು. ಬೀಗ ಸಿಕ್ಕಿದರೆ ಬಂಡಲ್ ಪೂರ್ತಿ ಬರೆದು ಮುಗಿಸಿ, ಆಮೇಲೆ ಫ್ಲೋ ಫೈಲ್‌ಗೆ ಅದರ ಸಾಲು ಸೇರಿಸಿ, ಕೊನೆಗೆ .ಬಿಎಸ್‌ವೈ ಅಳಿಸಿ.

ನಿಜ ಹೇಳಬೇಕೆಂದರೆ ಆ ಸ್ಕ್ರಿಪ್ಟ್ ಯಾಕೆ ಬೇಕು? ಆ ಕೆಲಸ ಎಚ್‌ಪಿಟಿಯೇ ಮಾಡುತ್ತದೆ. ಲಿಂಕ್‌ನ ಸೆಟ್ಟಿಂಗ್‌ನಲ್ಲಿ ಪ್ಯಾಕರ್ (ಕುಗ್ಗಿಸುವ ಪ್ರೋಗ್ರಾಂ) ಹೆಸರು, ಎಕೋಮೇಲ್ ಫ್ಲೇವರ್ (ಯಾವ ರೀತಿ ಕಳಿಸಬೇಕು ಅನ್ನುವುದು), ಬಂಡಲ್ ಎಷ್ಟು ದೊಡ್ಡದಾಗಬಹುದು ಅನ್ನುವ ಮಿತಿ, ಇಷ್ಟು ಕೊಟ್ಟರೆ ಸಾಕು. ನನ್ನನ್ನು ಕೇಳಿದರೆ ಸ್ಕ್ರಿಪ್ಟ್ ತೆಗೆದುಬಿಡಿ.

ಫ್ಲೋ ಫೈಲ್‌ನ ಸಾಲುಗಳನ್ನೂ ಒಮ್ಮೆ ತೆರೆದು ನೋಡಿ. ಸಾಲಿನ ಮೊದಲ ಅಕ್ಷರಕ್ಕೆ ಅರ್ಥ ಇದೆ. ^ ಇದ್ದರೆ ಕಳಿಸಿದ ಮೇಲೆ ಫೈಲ್ ಅಳಿಸಬೇಕು. # ಇದ್ದರೆ ಅಳಿಸಬಾರದು, ಸೊನ್ನೆ ಬೈಟ್‌ಗೆ ಇಳಿಸಿ ಬಿಡಬೇಕು. ~ ಅಂದರೆ ಆಗಲೇ ಹೋಗಿದೆ, ದಾಟಿ ಹೋಗು. ಬಂಡಲ್‌ಗಳಿಗೆ # ಒಳ್ಳೆಯದು. ಬಂಡಲ್ ಹೆಸರಿನ ಕೊನೆಗೆ ವಾರದ ಎರಡಕ್ಷರ, ಒಂದು ಅಂಕಿ ಬರುತ್ತದೆ. ಸೋಮವಾರದ ಮೊದಲನೇದು .ಎಂಒ0, ಮುಂದಿನದು .ಎಂಒ1. ಹೋದ ಬಂಡಲ್‌ನ ಖಾಲಿ ಫೈಲ್ ಅಲ್ಲೇ ಇದ್ದರೆ ಆ ಹೆಸರು ಮುಗಿಯಿತು ಅಂತ ಟಾಸರ್‌ಗೆ ಗೊತ್ತಾಗುತ್ತದೆ. ಪೂರ್ತಿ ಅಳಿಸಿದರೆ ಅದೇ ದಿನ ಮತ್ತೆ .ಎಂಒ0 ಹುಟ್ಟುತ್ತದೆ. ಆ ಕಡೆಯವರು ಹಿಂದಿನದನ್ನು ಇನ್ನೂ ಬಿಚ್ಚಿರದಿದ್ದರೆ ಒಂದೇ ಹೆಸರಿನ ಎರಡು ಫೈಲ್. ಹಾಗಾಗಿ ಸೊನ್ನೆ ಬೈಟ್ ಫೈಲ್ ಕಸ ಅಂತ ಗುಡಿಸಬೇಡಿ.

ಉತ್ತರ 2:

ಮೂರನೇ ತೊಂದರೆಗೆ ನನ್ನ ಉತ್ತರ. ನೋಡ್‌ನ ವಿಳಾಸದಲ್ಲಿ ಜೋನ್, ನೆಟ್, ನೋಡ್ ಅಂತ ಮೂರು ಸಂಖ್ಯೆ ಇರುತ್ತವೆ. ಎಫ್‌ಎಸ್‌ಎಕ್ಸ್‌ನೆಟ್ ಜೋನ್ 21, ಸರಿ. ಆದರೆ ಫೋಲ್ಡರ್ ಹೆಸರಿನ ಬಾಲದಲ್ಲಿ ಜೋನ್ ಬರುವುದು ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಲೆಕ್ಕದಲ್ಲಿ. 21 ಅಂದರೆ ಹೆಕ್ಸ್‌ನಲ್ಲಿ 15. ಹಾಗಾಗಿ ಔಟ್‌ಬೌಂಡ್.015 ಆಗಬೇಕು. ಜೋನ್ 1ರಿಂದ 6ರವರೆಗೆ ಎರಡೂ ಒಂದೇ ಆಗಿರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಫೈಲ್ ಹೆಸರೂ ಹಾಗೇ: ನೆಟ್‌ಗೆ ನಾಲ್ಕು ಹೆಕ್ಸ್ ಅಂಕಿ, ನೋಡ್‌ಗೆ ನಾಲ್ಕು. ಉದಾಹರಣೆಗೆ ನೆಟ್ 800, ನೋಡ್ 100 ಆದರೆ 03200064.

ಬಿಂಕ್‌ಡಿಯ ಡೊಮೇನ್ ಸಾಲಿನಲ್ಲಿರುವ ದಾರಿಯೂ ಎಚ್‌ಪಿಟಿಯ ಔಟ್‌ಬೌಂಡ್ ದಾರಿಯೂ ಹೊಂದಬೇಕು, ಅದನ್ನೂ ನೋಡಿ.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್ ಸರ್, ಇಬ್ಬರಿಗೂ. ಫೋಲ್ಡರ್ 015 ಮಾಡಿದೆ, ಎಫ್‌ಎಸ್‌ಎಕ್ಸ್‌ನೆಟ್ ಮೇಲ್ ತಕ್ಷಣ ಹೊರಟಿತು. ಸ್ಕ್ರಿಪ್ಟ್ ತೆಗೆದೆ. ಕರೆಂಟ್ ಹೋದಾಗ ಉಳಿಯುವ .ಬಿಎಸ್‌ವೈಗೆ ಏನು ಮಾಡಲಿ? ಕೆಲವು ಸಲ .ಸಿಎಸ್‌ವೈ ಅಂತಲೂ ಕಾಣುತ್ತದೆ.

ಉತ್ತರ 1:

.ಸಿಎಸ್‌ವೈ ಅಂದರೆ ಕರೆ ಮಾಡಲು ಹೊರಟಿದ್ದೇನೆ ಅಂತ ಮೇಲರ್ ಹೇಳುವುದು. ಸೆಶನ್ ಶುರುವಾದ ಮೇಲೆ .ಬಿಎಸ್‌ವೈ ಬರುತ್ತದೆ. ಬರೀ .ಸಿಎಸ್‌ವೈ ಇದ್ದಾಗ ಟಾಸರ್ ಕೆಲಸ ಮಾಡಬಹುದು.

ಹಳೆಯದನ್ನು ಅಳಿಸಲು ಎರಡು ಒಳ್ಳೆ ದಾರಿ ಇವೆ. ಬಿಂಕ್‌ಡಿಯಲ್ಲಿ ಕಿಲ್-ಓಲ್ಡ್-ಬಿಎಸ್‌ವೈ ಅಂತ ಸೆಟ್ಟಿಂಗ್ ಇದೆ. 12 ಗಂಟೆ ಅಂತ ಕೊಟ್ಟರೆ ಅದಕ್ಕಿಂತ ಹಳೆಯದು ಮಾತ್ರ ಹೋಗುತ್ತದೆ. ನಿಮ್ಮ ಅತಿ ಉದ್ದದ ಸೆಶನ್‌ಗಿಂತ ಇದು ಜಾಸ್ತಿ ಇರಲಿ. ಇನ್ನೊಂದು, ಮಷಿನ್ ಏಳುವಾಗ ಬಿಂಕ್‌ಡಿ, ಎಚ್‌ಪಿಟಿ ಎರಡೂ ಶುರುವಾಗುವ ಮೊದಲು ಅಳಿಸುವುದು. ಆಗ ಯಾರೂ ಓಡುತ್ತಿರುವುದಿಲ್ಲ, ಭಯ ಇಲ್ಲ.

ಆದರೆ ನಿಮಗೆ ಈ ಎರಡನೇ ದಾರಿ ಈಗ ಸಲ್ಲದು. ಪೈ ಏಳುವಾಗ ಪಿಸಿಯಲ್ಲಿ ಟಾಸ್ ನಡೆಯುತ್ತಿರಬಹುದು. ಎರಡು ಮಷಿನ್ ನಡುವೆ ಶೇರ್ ಇಟ್ಟರೆ ಇದೇ ಗೋಳು. ಫೈಲ್ ಮಾಡುವ ಕೆಲಸ ಒಂದೇ ಏಟಿಗೆ ಆಗುತ್ತದಾ ಅನ್ನುವುದು ಶೇರ್ ಮೇಲೆ ನಿಂತಿರುತ್ತದೆ. ಲಿನಕ್ಸ್‌ನಲ್ಲೇ ಎನ್‌ಎಫ್‌ಎಸ್ (ಸಾಂಬಾ ತರಹದ ಇನ್ನೊಂದು ಶೇರ್) ಮೇಲೆ ಇದು ಸರಿಯಾಗಿ ನಡೆಯಬೇಕಾದರೆ ಕರ್ನಲ್ 2.6, ಎನ್‌ಎಫ್‌ಎಸ್ 3 ಬೇಕು. ಎರಡು ಗಡಿಯಾರದ ಟೈಮ್ ಹೊಂದದಿದ್ದರೆ ಫೈಲ್ ಎಷ್ಟು ಹಳೆಯದು ಅನ್ನುವ ಲೆಕ್ಕವೂ ತಪ್ಪುತ್ತದೆ. ಫ್ಲೋ ಸಾಲಿನಲ್ಲಿ ಬಂಡಲ್‌ನ ಪೂರ್ತಿ ದಾರಿ ಇರುತ್ತದಲ್ಲ, ಅದೂ ಎರಡೂ ಕಡೆ ಒಂದೇ ಆಗಿರಬೇಕು.

ಎಚ್‌ಪಿಟಿಗೆ ಬೇಕಾಗುವ ಶಕ್ತಿ ತೀರಾ ಕಮ್ಮಿ. ಅದನ್ನೂ ಪೈ ಮೇಲೇ ಹಾಕಿ, ಔಟ್‌ಬೌಂಡ್ ಅಲ್ಲಿಯ ಡಿಸ್ಕ್‌ಗೇ ತನ್ನಿ. ಸಾಗಿಸುವಾಗ ಬಿಂಕ್‌ಡಿ ನಿಲ್ಲಿಸಿ. ಹಳೆ ಫ್ಲೋ ಸಾಲುಗಳಲ್ಲಿ ದಾರಿ ತಿದ್ದಿ, ಆಮೇಲೆ ಬಿಂಕ್‌ಡಿ ಶುರು ಮಾಡಿ.