ಅಪ್‌ಡೇಟ್: ಹಳೆಯ ಕನ್ನಡ ಪ್ರಬಂಧಗಳ ದಾರಿ ಸಿಕ್ಕಿತು

ಕಾಸರಗೋಡಿನಲ್ಲಿದ್ದುಕೊಂಡು ಯಕ್ಷಗಾನದ ಬಗೆಗಿನ ಪಿಎಚ್‌.ಡಿ. ಪ್ರಬಂಧಗಳನ್ನು ಓದುವುದು ಹೇಗೆಂದು ಕೇಳಿದ್ದೆ. ದಾರಿ ತೋರಿಸಿದವರಿಗೆಲ್ಲ ಹೃತ್ಪೂರ್ವಕ ವಂದನೆಗಳು.

ಇನ್‌ಫ್ಲಿಬ್‌ನೆಟ್ (ವಿಶ್ವವಿದ್ಯಾನಿಲಯ ಗ್ರಂಥಾಲಯಗಳ ಜಾಲ) ಕೇಂದ್ರವು ನಡೆಸುವ, ಭಾರತದ ಪಿಎಚ್‌.ಡಿ. ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಹುಡುಕಿದೆ. ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟಾಗ ಕೆಲವು, ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟಾಗ ಬೇರೆ ಕೆಲವು ಸಿಕ್ಕವು, ಎರಡನ್ನೂ ಪ್ರಯತ್ನಿಸಲೇಬೇಕು. ಒಂದೊಂದು ಅಧ್ಯಾಯವೂ ಪ್ರತ್ಯೇಕ ಪಿಡಿಎಫ್, ಶುಲ್ಕವಿಲ್ಲ. ನಾನು ಮೊದಲು ತೆರೆಯುವುದು ಪರಾಮರ್ಶನ ಗ್ರಂಥಗಳ ಪಟ್ಟಿಯನ್ನು. ಯಕ್ಷಗಾನ ಪ್ರಸಂಗಗಳ (ಆಟದ ಪದ್ಯರೂಪದ ಕಥೆಗಳ) ಹಳೆಯ ಮುದ್ರಣಗಳ ವಿವರ ಅಲ್ಲಿಯೇ ದೊರೆಯಿತು!

ಪ್ರಬಂಧದ ಡಿಜಿಟಲ್ ಪ್ರತಿ ಸಲ್ಲಿಸಬೇಕೆಂಬ ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ನಿಯಮ ಬಂದದ್ದು 2009ರಲ್ಲಿ. ಅದಕ್ಕೂ ಹಿಂದಿನ ಅನೇಕ ಪ್ರಬಂಧಗಳು ಕಪಾಟಿನಲ್ಲಿಯೇ ಇವೆ. ಅವುಗಳಿಗಾಗಿ ನಮ್ಮ ಗ್ರಂಥಪಾಲಕರು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಪರಿಚಯ ಪತ್ರ ಬರೆದುಕೊಟ್ಟಿದ್ದಾರೆ. ಎಷ್ಟು ಅಕ್ಕರೆಯ ಮನುಷ್ಯರು ಅವರು! ಮುಂದಿನ ವಾರ ಹೊರಡುತ್ತೇನೆ.